ಜಾಲದಂಗಡಿ: ಬ್ಲಾಗು, ಪುಟ್ಟ ಕಂಪನಿ, ವೆಬ್ ತಂತ್ರಾಂಶ – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧ ದುಡ್ಡಿನ ವಿಚಾರ, ಇನ್ನರ್ಧ ಕನ್ನಡ ಅಕ್ಷರದ ವಿಚಾರ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: 2008ರಿಂದ ಬ್ಲಾಗ್‌ಸ್ಪಾಟ್‌ನಲ್ಲಿ ಬರೆಯುತ್ತಿದ್ದೇನೆ. ಆರುನೂರು ಚಿಲ್ಲರೆ ಬರಹಗಳಿವೆ. ಗೂಗಲ್‌ನವರು ಯಾವತ್ತು ಬೇಕಾದರೂ ಮುಚ್ಚಿಬಿಡಬಹುದು, ವರ್ಡ್‌ಪ್ರೆಸ್‌ಗೆ ಹೋಗಿ ಅಂತ ಮಗ ಹೇಳುತ್ತಾನೆ. ಹೋಗಲೇಬೇಕೇ? ಹಳೆಯ ಕೊಂಡಿಗಳೆಲ್ಲ ಕೆಟ್ಟುಹೋಗುವುದಿಲ್ಲವೇ?
– ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಮಗನ ಅನುಮಾನ ನ್ಯಾಯವಾದದ್ದೇ. ಪೈರಾ ಲ್ಯಾಬ್ಸ್ 1999ರಲ್ಲಿ ಶುರುಮಾಡಿದ, ಬ್ಲಾಗ್‌ಸ್ಪಾಟ್ ವಿಳಾಸಗಳನ್ನು ನಡೆಸುವ ಬ್ಲಾಗರ್ ಅನ್ನು ಗೂಗಲ್ ಕೊಂಡಿದ್ದು 2003ರಲ್ಲಿ. ಬ್ಲಾಗುಗಳನ್ನು ಒಂದೇ ಕಡೆ ಓದಲು ಜನ ನೆಚ್ಚಿಕೊಂಡಿದ್ದ ಗೂಗಲ್ ರೀಡರ್‌ಗೆ ಅದೇ ಗೂಗಲ್ 2013ರ ಜುಲೈ 1ರಂದು ಬಾಗಿಲು ಹಾಕಿತು. ಆದರೂ ವರ್ಡ್‌ಪ್ರೆಸ್‌ಗೆ ಗಂಟುಮೂಟೆ ಕಟ್ಟುವ ಮೊದಲು ಆಗಬೇಕಾದ ಕೆಲಸ ಬೇರೆಯಿದೆ. ಸ್ವಂತ ಡೊಮೇನ್, ಅಂದರೆ ನಿಮ್ಮದೇ ಜಾಲವಿಳಾಸ, ಕೊಳ್ಳಿ. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನ ಖರ್ಚು. ಮೊದಲ ವರ್ಷದ ರಿಯಾಯಿತಿ ದರ ನೋಡಿ ಮರುಳಾಗಬೇಡಿ, ನವೀಕರಣದ ದರ ಎಷ್ಟೆಂದು ನೋಡಿ. ಖಾತೆ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲಿ ಇರಲಿ; ಮಗನದ್ದೂ ಬೇಡ, ಸೈಟ್ ಮಾಡಿಕೊಟ್ಟವರದ್ದೂ ಬೇಡ.

ಬ್ಲಾಗರ್ ಸೆಟ್ಟಿಂಗ್‌ನಲ್ಲಿ ಆ ಡೊಮೇನ್ ಬರೆದರೆ ಅದು ಎರಡು ಸಿನೇಮ್ ದಾಖಲೆ (ಒಂದು ಹೆಸರನ್ನು ಇನ್ನೊಂದಕ್ಕೆ ತೋರಿಸುವ ಸಾಲು) ಕೇಳುತ್ತದೆ; ಅವನ್ನು ಡೊಮೇನ್ ಮಾರಿದವರ ಫಲಕದಲ್ಲಿ ಬರೆಯಬೇಕು. ಒಂದು ಡಬ್ಲ್ಯುಡಬ್ಲ್ಯುಡಬ್ಲ್ಯು ಎಂಬುದನ್ನು ಗೂಗಲ್‌ನ ಸರ್ವರ್‌ಗೆ ತೋರಿಸುವುದು, ಇನ್ನೊಂದು ಡೊಮೇನ್ ನಿಮ್ಮದೇ ಎಂದು ಖಾತ್ರಿಪಡಿಸುವುದು. ಇಲ್ಲಿ ಬಹಳ ಜನ ಎಡವುವ ಜಾಗ ಹೋಸ್ಟ್ ಎಂಬ ಖಾನೆ. ಅಲ್ಲಿ ಬರೀ ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಎಂದಷ್ಟೇ ಬರೆಯಬೇಕು. ಪೂರ್ತಿ ವಿಳಾಸ ಬರೆದರೆ ಡೊಮೇನ್ ಮಾರಿದವರ ಫಲಕ ಹಿಂದೆ ಇನ್ನೊಮ್ಮೆ ಡೊಮೇನ್ ಸೇರಿಸಿಕೊಂಡು, ಹೆಸರು ಎರಡೆರಡು ಸಲ ಬರುವ, ಎಲ್ಲೂ ಇಲ್ಲದ ವಿಳಾಸವೊಂದನ್ನು ಸೃಷ್ಟಿಸುತ್ತದೆ. ಆಮೇಲೆ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಆನ್ ಮಾಡಿ. ಪ್ರಮಾಣಪತ್ರ ಸಿದ್ಧವಾಗಲು ಕೆಲವು ಗಂಟೆ ಹಿಡಿದರೆ ಗಾಬರಿ ಬೇಡ. ಹಳೆಯ ಬ್ಲಾಗ್‌ಸ್ಪಾಟ್ ಕೊಂಡಿಗಳು ತಾವಾಗಿಯೇ ಹೊಸ ವಿಳಾಸಕ್ಕೆ ತಿರುಗುತ್ತವೆ. ನಿಮ್ಮಂಥವರಿಗೆ ಇಷ್ಟು ಸಾಕು ಎಂಬುದು ನಮ್ಮ ಅಭಿಪ್ರಾಯ. ವರ್ಡ್‌ಪ್ರೆಸ್ ಅಂದರೆ ಹೋಸ್ಟಿಂಗ್ ಬಾಡಿಗೆ, ಪ್ಲಗಿನ್ ಅಪ್‌ಡೇಟ್, ಪಿಎಚ್‌ಪಿ ಆವೃತ್ತಿ ಅಂತ ತಿಂಗಳಿಗೊಂದು ತಲೆಬಿಸಿ.

ಮುಂದೊಂದು ದಿನ ಹೋಗುವುದೇ ಆದರೆ ಕನ್ನಡದವರು ಗಮನಿಸಬೇಕಾದ ಸಂಗತಿ ಎರಡು. ಶೀರ್ಷಿಕೆ ಬರೀ ಕನ್ನಡದಲ್ಲಿದ್ದರೆ ವಿಳಾಸ ಕಟ್ಟಲು ಬ್ಲಾಗರ್‌ಗೆ ಇಂಗ್ಲಿಷ್ ಅಕ್ಷರ ಸಿಗುವುದಿಲ್ಲ. ಹಾಗಾಗಿ ನಿಮ್ಮ ಬಹುಪಾಲು ಬರಹಗಳ ವಿಳಾಸ ‘ಬ್ಲಾಗ್-ಪೋಸ್ಟ್’, ‘ಬ್ಲಾಗ್-ಪೋಸ್ಟ್_12’ ಎಂಬಂತೆ ಇರುತ್ತದೆ. ವರ್ಡ್‌ಪ್ರೆಸ್‌ನ ಪರ್ಮಾಲಿಂಕ್ (ಬರಹದ ಶಾಶ್ವತ ವಿಳಾಸ) ಮಾದರಿಯನ್ನು ವರ್ಷ, ತಿಂಗಳು, ಬರಹದ ಹೆಸರು, ಕೊನೆಗೆ ಡಾಟ್ ಎಚ್‌ಟಿಎಂಎಲ್ ಎಂದು ಹೊಂದಿಸಿ, ಪ್ರತಿ ಬರಹಕ್ಕೂ ಹಳೆಯ ಹೆಸರನ್ನೇ ಕೊಟ್ಟರೆ ಬಹಳಷ್ಟು ಕೊಂಡಿಗಳು ಉಳಿಯುತ್ತವೆ. ಆದರೆ ಬೇರೆ ಬೇರೆ ತಿಂಗಳ ಬರಹಗಳಿಗೆ ಒಂದೇ ಹೆಸರಿದ್ದರೆ ವರ್ಡ್‌ಪ್ರೆಸ್ ಎರಡನೆಯದಕ್ಕೆ ಅಂಕಿ ಸೇರಿಸುತ್ತದೆ; ಅಂಥವನ್ನು ಹಳೆಯ ವಿಳಾಸದಿಂದ ಹೊಸದಕ್ಕೆ ತಿರುಗಿಸಬೇಕು. ಎರಡನೆಯದು ಹೊಸ ಬರಹಗಳ ಪಾಡು. ವರ್ಡ್‌ಪ್ರೆಸ್ ಕನ್ನಡ ಶೀರ್ಷಿಕೆಯನ್ನು ಶೇಕಡಾ ಚಿಹ್ನೆಯ ಸಂಕೇತಕ್ಕೆ ತಿರುಗಿಸಿ ಇಡುತ್ತದೆ. ಒಂದೊಂದು ಕನ್ನಡ ಸಂಕೇತಕ್ಕೆ 9 ಜಾಗ ಬೇಕು, ಒಟ್ಟು ಇರುವ ಜಾಗ 200. ಇಪ್ಪತ್ತೆರಡು ಸಂಕೇತ ದಾಟುವಂತಿಲ್ಲ, ಕಾಗುಣಿತದ ಗುರುತುಗಳೂ ಲೆಕ್ಕಕ್ಕೆ ಬರುತ್ತವೆ. ‘ಉಡುಪಿಯ ಹಳೆಯ ರಥಬೀದಿಯ ನೆನಪುಗಳು’ ಎಂಬ ಶೀರ್ಷಿಕೆ ಕೊಟ್ಟರೆ ವಿಳಾಸ ‘ಉಡುಪಿಯ-ಹಳೆಯ-ರಥಬೀದಿಯ-ನೆನಪ’ ಎಂದು ಅರ್ಧಕ್ಕೇ ತುಂಡಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಮೂರು ಸಾಲಿನ ಶೇಕಡಾ ಚಿಹ್ನೆಗಳ ಜಾತ್ರೆ. ಪ್ರಕಟಿಸುವ ಮೊದಲೇ ಇಂಗ್ಲಿಷ್ ಅಕ್ಷರದಲ್ಲಿ ಮೂರು ನಾಲ್ಕು ಪದದ ಪುಟ್ಟ ಹೆಸರು ಕೈಯಾರೆ ಕೊಡಿ.

ಇನ್ನು ಬ್ಲಾಗರ್‌ನಿಂದ ಇಳಿಸಿಕೊಂಡ ಬ್ಯಾಕಪ್ ಕಡತದಲ್ಲಿ ಇರುವುದು ಪಠ್ಯ ಮತ್ತು ಪ್ರತಿಕ್ರಿಯೆ ಮಾತ್ರ. ಚಿತ್ರಗಳ ಜಾಗದಲ್ಲಿ ಗೂಗಲ್ ಸರ್ವರ್‌ನ ಕೊಂಡಿಗಳಿರುತ್ತವೆ. ಚಿತ್ರಗಳನ್ನು ಬೇರೆಯಾಗಿ ಇಳಿಸಿಕೊಂಡಿದ್ದೀರಾ ಎಂದು ಇವತ್ತೇ ನೋಡಿ.

ಪ್ರಶ್ನೆ: ಫೇಸ್‌ಬುಕ್ ನಂಬಿ ಕೆಟ್ಟೆವು ಎಂದುಕೊಂಡು ವಾರಕ್ಕೊಂದು ಇಮೇಲ್ ಪತ್ರಿಕೆ ಶುರುಮಾಡಿದ್ದೇವೆ. ಚಂದಾದಾರರು 1,100. ಅರ್ಧ ಜನರಿಗೆ ಸ್ಪ್ಯಾಮ್‌ಗೆ ಹೋಗುತ್ತಿದೆ.
– ಓದುಗರ ಬಳಗ, ಧಾರವಾಡ

ಉತ್ತರ: ಕಳುಹಿಸುವವರ ಜಾಗದಲ್ಲಿ ಜಿಮೇಲ್ ವಿಳಾಸವನ್ನೇ ಇಟ್ಟು ಬೇರೊಂದು ಮೇಲಿಂಗ್ ಸೇವೆಯಿಂದ ಕಳುಹಿಸುತ್ತಿದ್ದೀರಾ? ಹಾಗಿದ್ದರೆ ಮೊದಲು ಅದನ್ನು ನಿಲ್ಲಿಸಿ, ಸ್ವಂತ ಡೊಮೇನ್‌ನ ವಿಳಾಸ ಬಳಸಿ. ಆ ಡೊಮೇನ್‌ನ ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ದಾಖಲೆಗಳ ಪಟ್ಟಿಯಲ್ಲಿ) ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಇರಬೇಕು; ಮೇಲ್ ನಿಮ್ಮಿಂದಲೇ ಬಂದದ್ದೆಂದು ಖಾತ್ರಿಪಡಿಸುವ ದಾಖಲೆಗಳಿವು. ಎಸ್‌ಪಿಎಫ್ ದಾಖಲೆ ಒಂದೇ ಇರಬೇಕೆಂಬುದು ನಿಯಮ. ಆಫೀಸಿನ ಮೇಲ್‌ಗೊಂದು, ಪತ್ರಿಕೆಗೊಂದು ಅಂತ ಎರಡು ಹಾಕಿದರೆ ಎರಡೂ ಕೆಡುತ್ತವೆ. ಒಂದೇ ಸಾಲಿನಲ್ಲಿ ಎರಡನ್ನೂ ಸೇರಿಸಿ. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳುಹಿಸುವವರಿಗೆ ಜಿಮೇಲ್ 2024ರ ಫೆಬ್ರುವರಿಯಿಂದ ಇದನ್ನೆಲ್ಲ ಕಡ್ಡಾಯ ಮಾಡಿದೆ. ಒಂದೇ ಒತ್ತಿಗೆ ಚಂದಾ ಬಿಡುವ ಸೌಲಭ್ಯವಿರಬೇಕು, ಸ್ಪ್ಯಾಮ್ ಎಂಬ ದೂರು ಶೇ. 0.3 ಮುಟ್ಟಬಾರದು. ನೀವು 1,100 ಜನರಿಗೆ ಕಳುಹಿಸುವವರಾದರೂ ಪಾಲಿಸಿ.

ಕನ್ನಡಕ್ಕೇ ಇರುವ ಇನ್ನೊಂದು ಕಾಟವಿದೆ. ಮೇಲ್ 102 ಕೆಬಿ ದಾಟಿದರೆ ಜಿಮೇಲ್ ಅದನ್ನು ನಡುವೆ ಕತ್ತರಿಸಿ ‘ಪೂರ್ತಿ ನೋಡಿ’ ಎಂಬ ಕೊಂಡಿ ಹಾಕುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ಮೂರು ಉದ್ದನೆಯ ಲೇಖನ, ಮೇಲೆ ಟೆಂಪ್ಲೇಟಿನ ಕೋಡು ಸೇರಿದರೆ ಮಿತಿ ಮುಗಿಯಿತು. ಕತ್ತರಿಸಿದ ಭಾಗದಲ್ಲೇ ನಿಮ್ಮ ‘ಚಂದಾ ಬಿಡಿ’ ಕೊಂಡಿ ಇರುತ್ತದೆ. ಅದು ಕಾಣದ ಓದುಗ ಸ್ಪ್ಯಾಮ್ ಗುಂಡಿ ಒತ್ತುತ್ತಾನೆ. ಪೂರ್ತಿ ಲೇಖನ ಒಂದೇ ಕೊಡಿ, ಉಳಿದವಕ್ಕೆ ಎರಡು ಪ್ಯಾರಾ ಮತ್ತು ಕೊಂಡಿ ಸಾಕು.

ಪ್ರಶ್ನೆ: ನಮ್ಮ ಜಾಲತಾಣದಲ್ಲಿ ‘ಸೂರ್ಯ’ ಎಂದು ಹುಡುಕಿದರೆ ಕೆಲವು ಲೇಖನ ಸಿಗುತ್ತವೆ, ಕೆಲವು ಕಣ್ಣೆದುರೇ ಇದ್ದರೂ ಸಿಗುವುದಿಲ್ಲ. ರಾಜ್‌ಕುಮಾರ್ ಹೆಸರಿಗೂ ಹೀಗೇ. ಡೇಟಾಬೇಸ್ ಹಾಳಾಗಿದೆಯೇ?
– ಜಾಲಪತ್ರಿಕೆಯ ತಂತ್ರಜ್ಞ, ಮೈಸೂರು

ಉತ್ತರ: ಡೇಟಾಬೇಸ್ ಚೆನ್ನಾಗಿಯೇ ಇದೆ. ಓದುವಾಗ ಒಂದೇ ಆಗಿರುವ ಪದಗಳು ಒಳಗೆ ಬೇರೆ ಬೇರೆ. ಅರ್ಕಾವತ್ತಿನ ‘ಸೂರ್ಯ’ ಒಂದು. ರಕಾರ ಪೂರ್ತಿ ಬರೆದು ಯಕಾರ ಒತ್ತಾಗಿ ಕೊಡುವ ‘ಸೂರ‍್ಯ’ ಇನ್ನೊಂದು. ಎರಡನೆಯದರಲ್ಲಿ ರಕಾರದ ನಂತರ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು, ಅಂದರೆ ಜ಼ಡ್‌ಡಬ್ಲ್ಯುಜೆ, ಕೂತಿರುತ್ತದೆ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಕಕಾರ ಒತ್ತಾಗಿ ಅಂಟದಿರಲು ಕಾಣದ ಇನ್ನೊಂದು ಸಂಕೇತವಾದ ಜ಼ಡ್‌ಡಬ್ಲ್ಯುಎನ್‌ಜೆ ಇರುತ್ತದೆ. ಹುಡುಕುವವರು ಮೊಬೈಲ್ ಕೀಲಿಮಣೆಯಲ್ಲಿ ಅದನ್ನು ಹಾಕಿರುವುದಿಲ್ಲ. ಮೂರನೆಯ ಬಗೆಯೂ ಇದೆ: ‘ೋ’ ಕಾಗುಣಿತವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ತುಂಡಾಗಿಯೂ ಬರೆಯಬಹುದು. ಹಳೆಯ ಪರಿವರ್ತಕಗಳಿಂದ ಬಂದ ಪಠ್ಯದಲ್ಲಿ ತುಂಡುಗಳು ಸಿಗುತ್ತವೆ.

ಪರಿಹಾರವೇನೆಂದರೆ, ಮೂಲ ಪಠ್ಯ ಮುಟ್ಟಬೇಡಿ. ಪಕ್ಕದಲ್ಲಿ ಹುಡುಕಾಟಕ್ಕೆಂದೇ ಒಂದು ಕಾಲಂ ಮಾಡಿ. ಅದಕ್ಕೆ ಪಠ್ಯ ಹಾಕುವಾಗ ಮೊದಲು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಒಂದೇ ಸಂಕೇತವಾಗಿ ಜೋಡಿಸುವ ರೂಪ) ತನ್ನಿ, ಆಮೇಲೆ ಕಾಣದ ಆ ಎರಡೂ ಸಂಕೇತಗಳನ್ನು ತೆಗೆಯಿರಿ, ಫ಼ ಜ಼ಗಳ ಕೆಳಗಿನ ನುಕ್ತ, ಅಂದರೆ ಚುಕ್ಕೆ ಗುರುತು, ತೆಗೆಯಿರಿ, ಕನ್ನಡ ಅಂಕಿಗಳನ್ನು 0–9ಕ್ಕೆ ಬದಲಿಸಿ. ಓದುಗರು ಹೊಡೆದ ಪದಕ್ಕೂ ಇದೇ ಸಂಸ್ಕಾರ ಆಗಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ವ್ಯರ್ಥ.

ವಿಭಕ್ತಿಯ ತೊಂದರೆ ಬೇರೆ. ‘ಬೆಂಗಳೂರು’ ಎಂದು ಹುಡುಕಿದರೆ ‘ಬೆಂಗಳೂರಿನಲ್ಲಿ’ ಸಿಗದು. ಪದದ ಕೊನೆಯ ಉಕಾರ ಕಳಚಿ, ‘ಬೆಂಗಳೂರ’ ಎಂದು ಶುರುವಾಗುವುದನ್ನೆಲ್ಲ ಹುಡುಕಿದರೆ ಬಹಳಷ್ಟು ಸಿಗುತ್ತದೆ. ಎಲ್ಲ ಸ್ವರಗಳನ್ನೂ ಕಳಚಲು ಹೋಗಬೇಡಿ. ‘ಮನೆ’ ಹುಡುಕಿದವರಿಗೆ ‘ಮನಸ್ಸು’ ಬಂದು ನಿಲ್ಲುತ್ತದೆ.

ಅಂದಹಾಗೆ ನಿಮ್ಮ ಸಂಗ್ರಹದಲ್ಲಿ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟಿನ ಪಠ್ಯವಿದ್ದರೆ ಅದು ಯೂನಿಕೋಡ್ ಅಲ್ಲ, ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ಮುಖವಾಡ ತೊಡಿಸಿದ್ದು. ಪರಿವರ್ತಿಸದೆ ಯಾವ ಹುಡುಕಾಟವೂ ನಡೆಯದು. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು, ಅದರಲ್ಲೂ ಅರ್ಕಾವತ್ತನ್ನು, ಕಣ್ಣಿಟ್ಟು ನೋಡಿ, ತಪ್ಪಾಗುವುದು ಅಲ್ಲೇ.

ಪ್ರಶ್ನೆ: ಕನ್ನಡದಲ್ಲಿ ಎಸ್‌ಎಂಎಸ್ ಕಳುಹಿಸಲು ಶುರುಮಾಡಿದ ಮೇಲೆ ಬಿಲ್ಲು ಎರಡು ಪಟ್ಟಾಗಿದೆ. ಮೋಸವೇ?
– ಕ್ಲಿನಿಕ್ ತಂತ್ರಾಂಶ ಮಾಡುವವರು, ದಾವಣಗೆರೆ

ಉತ್ತರ: ಮೋಸವಲ್ಲ. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರ, ಕನ್ನಡಕ್ಕೆ 70. ಮೀರಿದರೆ ತುಂಡಿಗೆ 67ರಂತೆ ಹರಿದು, ಪ್ರತಿ ತುಂಡಿಗೂ ದುಡ್ಡು ಹಿಡಿಯುತ್ತಾರೆ. ‘ಕ್ಷೇ’ ಎಂಬುದು ಕಣ್ಣಿಗೆ ಒಂದಕ್ಷರ, ಎಣಿಕೆಗೆ ನಾಲ್ಕು. ಡಿಎಲ್‌ಟಿ ನೋಂದಣಿಗೆ (ವ್ಯಾಪಾರದ ಎಸ್‌ಎಂಎಸ್‌ನ ಮಾದರಿಯನ್ನು ದೂರವಾಣಿ ಕಂಪನಿಗಳಲ್ಲಿ ದಾಖಲಿಸುವುದಕ್ಕೆ) ಮೊದಲೇ ಸಂದೇಶವನ್ನು ಎಣಿಸಿ ಬಿಗಿಮಾಡಿ. ಬದಲಾಗುವ ಭಾಗಕ್ಕೆ ಅತಿ ಉದ್ದದ ಹೆಸರು ಹಾಕಿ ನೋಡಿ. ಇಂಗ್ಲಿಷ್ ಸಂದೇಶದಲ್ಲೂ ಒಂದೇ ಒಂದು ₹ ಚಿಹ್ನೆ ಬಂದರೆ ಇಡೀ ಸಂದೇಶ 70ರ ಲೆಕ್ಕಕ್ಕೆ ಬೀಳುತ್ತದೆ.

ಪ್ರಶ್ನೆ: ಟ್ಯೂಶನ್, ಕೋಚಿಂಗ್ ಕ್ಲಾಸ್‌ಗಳಿಗೆ ಶುಲ್ಕ ಮತ್ತು ಹಾಜರಿ ನೋಡಿಕೊಳ್ಳುವ ವೆಬ್ ತಂತ್ರಾಂಶ ಮಾಡಿದ್ದೇವೆ. ತಿಂಗಳಿಗೆ 299 ರೂಪಾಯಿ. ಗಿರಾಕಿಗಳು 90. ತಿಂಗಳಿಗೆ ಎಂಟು ಹೊಸಬರು ಬರುತ್ತಾರೆ, ನೂರಕ್ಕೆ ಆರು ಜನ ಬಿಡುತ್ತಾರೆ. ಎಷ್ಟು ದಿನದಲ್ಲಿ ಸಾವಿರ ಮುಟ್ಟಬಹುದು? ಜಿಎಸ್‌ಟಿ ನೋಂದಣಿ ಬೇಕೇ?
– ಇಬ್ಬರು ಗೆಳೆಯರು, ಹುಬ್ಬಳ್ಳಿ

ಉತ್ತರ: ಈ ಲೆಕ್ಕದಲ್ಲಿ ಎಂದಿಗೂ ಮುಟ್ಟುವುದಿಲ್ಲ. ಹೊಸಬರ ಸಂಖ್ಯೆಯನ್ನು ಬಿಡುವವರ ಪ್ರಮಾಣದಿಂದ ಭಾಗಿಸಿ: 8ನ್ನು 0.06ರಿಂದ ಭಾಗಿಸಿದರೆ 133. ಅದೇ ನಿಮ್ಮ ಚಾವಣಿ. 133 ಗಿರಾಕಿಗಳಾದ ದಿನ ತಿಂಗಳಿಗೆ ಎಂಟು ಜನ ಬರುತ್ತಾರೆ, ಎಂಟು ಜನ ಹೋಗುತ್ತಾರೆ. ಆಗಿನ ವಸೂಲಿ ತಿಂಗಳಿಗೆ 39,767 ರೂಪಾಯಿ. ಸರ್ವರ್, ಎಸ್‌ಎಂಎಸ್, ಪೆಟ್ರೋಲು ಕಳೆದು ಇಬ್ಬರು ಹಂಚಿಕೊಳ್ಳಬೇಕು. ಇವತ್ತು ಬೆಳೆಯುತ್ತಿದ್ದೇವೆ ಅನ್ನಿಸುವುದಕ್ಕೆ ಕಾರಣ 90ಕ್ಕೆ ಶೇ. 6 ಅಂದರೆ ಐದೂವರೆ ಜನ ಮಾತ್ರ ಬಿಡುತ್ತಿರುವುದು.

ಬಿಡುವವರನ್ನು ಆರರಿಂದ ಮೂರಕ್ಕೆ ಇಳಿಸಿದರೆ ಚಾವಣಿ 267ಕ್ಕೆ ಏರುತ್ತದೆ. ಮಾರಾಟ ದುಪ್ಪಟ್ಟು ಮಾಡಿದರೂ ಅಷ್ಟೇ ಏರುತ್ತದೆ, ಆದರೆ ಅದಕ್ಕೆ ಬೈಕು ದುಪ್ಪಟ್ಟು ಓಡಬೇಕು. ಆದ್ದರಿಂದ ಹೊಸ ಫೀಚರ್ ಬರೆಯುವುದನ್ನು ಎರಡು ವಾರ ನಿಲ್ಲಿಸಿ, ಕಳೆದ ಒಂದು ವರ್ಷದಲ್ಲಿ ಬಿಟ್ಟವರ ಪಟ್ಟಿ ಹಿಡಿದು ಫೋನ್ ಮಾಡಿ. ಸೇರಿದ ತಿಂಗಳು, ಬಿಟ್ಟ ತಿಂಗಳು, ಕೊನೆಯ ಸಲ ಲಾಗಿನ್ ಆದ ದಿನ ಮೂರನ್ನೂ ಬರೆದುಕೊಳ್ಳಿ. ಶಾಲಾ ಟ್ಯೂಶನ್‌ನವರು ಮಾರ್ಚ್ ಪರೀಕ್ಷೆ ಮುಗಿದೊಡನೆ ಬಾಗಿಲು ಹಾಕುತ್ತಾರೆ, ಏಪ್ರಿಲ್‌ನಲ್ಲಿ ನಿಮ್ಮ 299 ಕಟ್ಟಲು ಅವರಿಗೆ ಕಾರಣವೇ ಇಲ್ಲ. ಧಾರವಾಡದ ಸಪ್ತಾಪುರದ ಕಡೆಯ ಸ್ಪರ್ಧಾ ಪರೀಕ್ಷೆಯ ಕೋಚಿಂಗ್‌ನವರದು ಬೇರೆ ಕ್ಯಾಲೆಂಡರು; ಅಧಿಸೂಚನೆ ಹೊರಬಿದ್ದಾಗ ನೂಕುನುಗ್ಗಲು, ಇಲ್ಲದಾಗ ತಣ್ಣಗೆ. ಇಬ್ಬರಿಗೂ ತಿಂಗಳ ಚಂದಾ ಹೊಂದುವುದಿಲ್ಲ. ಜೂನ್‌ನಲ್ಲಿ ವರ್ಷದ ದುಡ್ಡು ಒಟ್ಟಿಗೆ ತೆಗೆದುಕೊಳ್ಳಿ.

ಬೆಲೆಯೂ ತೀರಾ ಕಡಿಮೆ. ಈಗಿನ ದರದಲ್ಲಿ ವರ್ಷಕ್ಕೆ 3,588 ಆಗುತ್ತದೆ. ಹೊಸಬರಿಗೆ ವರ್ಷಕ್ಕೆ 6,000 ಮಾಡಿ, ಹಳಬರಿಗೆ ಒಂದು ವರ್ಷ ಹಳೆಯ ದರವನ್ನೇ ಉಳಿಸಿ. ಎಂಟರ ಬದಲು ಆರು ಜನ ಬಂದರೂ ನಷ್ಟವಿಲ್ಲ. 299ಕ್ಕೆ ಬರುವ ಗಿರಾಕಿ 6,000 ಕೊಡುವವನಿಗಿಂತ ಹೆಚ್ಚು ಸಲ ಫೋನ್ ಮಾಡುತ್ತಾನೆ ಎಂಬುದು ಈ ವ್ಯಾಪಾರದಲ್ಲಿರುವವರೆಲ್ಲ ಕಂಡ ಸಂಗತಿ. ತಿಂಗಳ ಚಂದಾ ಉಳಿಸಿಕೊಳ್ಳುವುದಾದರೆ ಆಟೋಪೇ, ಅಂದರೆ ದುಡ್ಡು ತಾನಾಗಿ ಕಡಿತವಾಗುವ ಏರ್ಪಾಡು, ಮಾಡಿಸಿ. 15,000 ರೂಪಾಯಿವರೆಗಿನ ಕಡಿತಕ್ಕೆ ಪ್ರತಿ ಸಲ ಓಟಿಪಿ ಬೇಡ, ಆದರೆ 24 ಗಂಟೆ ಮುಂಚೆ ಗಿರಾಕಿಗೆ ಸೂಚನೆ ಹೋಗುತ್ತದೆ. ಅದನ್ನು ನೋಡಿಯೇ ರದ್ದು ಮಾಡುವವರು ಇರುತ್ತಾರೆ, ಲೆಕ್ಕದಲ್ಲಿಟ್ಟುಕೊಳ್ಳಿ. ಜಿಎಸ್‌ಟಿ ಕೇಳಿದ್ದೀರಿ: ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷದವರೆಗೆ ನೋಂದಣಿ ಕಡ್ಡಾಯವಲ್ಲ. ದೊಡ್ಡ ಸಂಸ್ಥೆಗಳು ಜಿಎಸ್‌ಟಿ ಬಿಲ್ ಕೇಳಲು ಶುರುಮಾಡಿದಾಗ ಯೋಚಿಸಿ.

ಪ್ರಶ್ನೆ: ಯುಪಿಐನಲ್ಲಿ ದುಡ್ಡು ಕಡಿತವಾಗಿದೆ, ಆದರೆ ನಮ್ಮ ಸೈಟಿನಲ್ಲಿ ಚಂದಾ ಚಾಲೂ ಆಗಿಲ್ಲ ಎಂಬ ದೂರು ವಾರಕ್ಕೆ ಐದಾರು ಬರುತ್ತವೆ. ‘ಬ್ಯಾಂಕಿನವರು ಐದು ದಿನದಲ್ಲಿ ವಾಪಸ್ ಹಾಕುತ್ತಾರೆ’ ಎಂದು ಉತ್ತರಿಸುತ್ತಿದ್ದೇವೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ಆ ಉತ್ತರ ತಪ್ಪು, ದಯವಿಟ್ಟು ನಿಲ್ಲಿಸಿ. ಐದು ದಿನದೊಳಗೆ ತಾನಾಗಿ ವಾಪಸಾಗುವುದು ವ್ಯಾಪಾರಿಗೆ ಪಾವತಿಯ ಖಚಿತತೆ ತಲುಪದ ಪ್ರಕರಣ. ನಿಮ್ಮಲ್ಲಿ ಬಹುಪಾಲು ಪ್ರಕರಣಗಳಲ್ಲಿ ದುಡ್ಡು ಗೇಟ್‌ವೇಗೆ (ಪಾವತಿ ನಡೆಸಿಕೊಡುವ ಮಧ್ಯವರ್ತಿ ಸೇವೆಗೆ) ಬಂದು ಸೇರಿದೆ, ನಿಮ್ಮ ಸರ್ವರ್‌ಗೆ ಮಾತ್ರ ಸುದ್ದಿಯಿಲ್ಲ. ಬ್ಯಾಂಕು ಏನನ್ನೂ ವಾಪಸ್ ಹಾಕುವುದಿಲ್ಲ.

ಆಗುವುದು ಹೀಗೆ. ಗಿರಾಕಿ ಮೊಬೈಲ್ ಬ್ರೌಸರ್‌ನಲ್ಲಿ ಪಾವತಿ ಒತ್ತುತ್ತಾನೆ, ಫೋನ್‌ಪೇ ತೆರೆಯುತ್ತದೆ, ಪಿನ್ ಹಾಕುತ್ತಾನೆ. ಕಡಿಮೆ ಮೆಮೊರಿಯ ಫೋನಾದರೆ ಅಷ್ಟರಲ್ಲಿ ಹಿಂದಿನ ಬ್ರೌಸರ್ ಪುಟವನ್ನು ಆಂಡ್ರಾಯ್ಡ್ ಕೊಂದಿರುತ್ತದೆ. ಇಲ್ಲವೇ ಗಿರಾಕಿ ಹಸಿರು ಟಿಕ್ ನೋಡಿ ಫೋನ್ ಜೇಬಿಗೆ ಹಾಕುತ್ತಾನೆ. ಬ್ರೌಸರ್ ಮೂಲಕ ನಿಮಗೆ ಬರಬೇಕಿದ್ದ ‘ಆಯಿತು’ ಎಂಬ ಮಾತು ಬರುವುದೇ ಇಲ್ಲ. ನಿಮ್ಮ ಕೋಡು ಅದೊಂದನ್ನೇ ಕಾದು ಕೂತಿದೆ.

ಗೇಟ್‌ವೇಯ ಸರ್ವರ್ ನೇರವಾಗಿ ನಿಮ್ಮ ಸರ್ವರ್‌ಗೆ ತಿಳಿಸುವ ವೆಬ್‌ಹುಕ್ ಎಂಬುದಿದೆ, ಚಂದಾ ಚಾಲೂ ಮಾಡಬೇಕಾದ್ದು ಅದರ ಮೇಲೆ. ಬರೆಯುವಾಗ ನಾಲ್ಕು ಕಡೆ ಕೈ ಜಾರುತ್ತದೆ. ಸಂದೇಶ ಗೇಟ್‌ವೇಯದ್ದೇ ಎಂದು ತೋರಿಸುವ ಸಹಿ ತಾಳೆ ನೋಡುವಾಗ ಬಂದ ಪಠ್ಯವನ್ನು ಇದ್ದ ಹಾಗೆಯೇ ಬಳಸಬೇಕು. ಜೇಸನ್ (ಮಾಹಿತಿ ಬರುವ ಪಠ್ಯರೂಪ) ಬಿಡಿಸಿ ಮತ್ತೆ ಜೋಡಿಸಿದರೆ ಒಂದು ಖಾಲಿ ಜಾಗ ಆಚೀಚೆಯಾದರೂ ಸಹಿ ಹೊಂದುವುದಿಲ್ಲ. ಒಂದೇ ಸಂದೇಶ ಎರಡು ಮೂರು ಸಲ ಬರುವುದು ಸಹಜ, ಆದ್ದರಿಂದ ಪಾವತಿಯ ಗುರುತಿನ ಸಂಖ್ಯೆಗೆ ಡೇಟಾಬೇಸ್‌ನಲ್ಲೇ ಯೂನಿಕ್ ನಿರ್ಬಂಧ (ಒಂದೇ ಸಂಖ್ಯೆ ಎರಡು ಸಲ ಸೇರದಂತೆ ತಡೆ) ಹಾಕಿ. ‘ಮೊದಲೇ ಇದೆಯೇ’ ಎಂದು ಕೋಡಿನಲ್ಲಿ ನೋಡುವುದು ಸಾಲದು, ಎರಡು ಸಂದೇಶ ಒಂದೇ ಕ್ಷಣಕ್ಕೆ ಬಂದರೆ ಎರಡೂ ‘ಇಲ್ಲ’ ಎಂದೇ ನೋಡುತ್ತವೆ. ಬಂದ ಸಂದೇಶವನ್ನು ಬರೆದುಕೊಂಡು ತಕ್ಷಣ 200 (‘ತಲುಪಿತು’ ಎಂಬ ಸಂಕೇತ) ಉತ್ತರ ಕೊಡಿ, ಬಿಲ್ ತಯಾರಿ, ಇಮೇಲ್ ಎಲ್ಲ ಆಮೇಲೆ ಸರತಿಯಲ್ಲಿ ಆಗಲಿ. ತಡಮಾಡಿದರೆ ಗೇಟ್‌ವೇ ವಿಫಲವೆಂದು ತಿಳಿದು ಮತ್ತೆ ಕಳುಹಿಸುತ್ತದೆ. ಮತ್ತು ಸಂದೇಶಗಳು ಕ್ರಮವಾಗಿ ಬರುತ್ತವೆಂದು ನಂಬಬೇಡಿ.

ಇಷ್ಟಾದರೂ ನಿಮ್ಮ ಸರ್ವರ್ ಹತ್ತು ನಿಮಿಷ ಮಲಗಿದ್ದಾಗ ಬಂದದ್ದು ತಪ್ಪಬಹುದು. ಅದಕ್ಕೆ ಹದಿನೈದು ನಿಮಿಷಕ್ಕೊಮ್ಮೆ ಓಡುವ ಕೆಲಸವೊಂದನ್ನು ಇಡಿ: ಹತ್ತು ನಿಮಿಷಕ್ಕಿಂತ ಹಳೆಯದಾಗಿಯೂ ಇತ್ಯರ್ಥವಾಗದ ಆರ್ಡರ್‌ಗಳನ್ನು ಹೆಕ್ಕಿ, ಗೇಟ್‌ವೇಯನ್ನು ಒಂದೊಂದಾಗಿ ಕೇಳಿ ಸರಿಪಡಿಸಲಿ. ದುಡ್ಡನ್ನು ಪೈಸೆಯ ಪೂರ್ಣಾಂಕದಲ್ಲಿಡಿ. 19.99ನ್ನು ಜಾವಾಸ್ಕ್ರಿಪ್ಟ್‌ನಲ್ಲಿ ನೂರರಿಂದ ಗುಣಿಸಿದರೆ 1998.9999999999998 ಬರುತ್ತದೆ, ದಶಾಂಶ ಕತ್ತರಿಸಿದಿರೋ ಒಂದು ಪೈಸೆ ಮಾಯ, ಮೊತ್ತ ತಾಳೆಯಾಗದೆ ಪಾವತಿಯೇ ತಿರಸ್ಕೃತ.

ಪ್ರಶ್ನೆ: ಫ್ರೀಲಾನ್ಸರ್ ಒಬ್ಬರಿಂದ ಸೈಟು, ಆ್ಯಪು ಮಾಡಿಸಿ ಪೂರ್ತಿ ದುಡ್ಡು ಕೊಟ್ಟೆವು. ಈಗ ಮನಸ್ತಾಪ. ಕೋಡು ನನ್ನದು ಎನ್ನುತ್ತಾರೆ. ದುಡ್ಡು ಕೊಟ್ಟ ಮೇಲೆ ನಮ್ಮದಲ್ಲವೇ?
– ಸಾವಯವ ಅಂಗಡಿಯವರು, ಮಂಗಳೂರು

ಉತ್ತರ: ಕಾಗದವಿಲ್ಲದಿದ್ದರೆ ಅವರ ಮಾತಿನಲ್ಲಿ ಹುರುಳಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಸಾಹಿತ್ಯ ಕೃತಿಯ ಲೆಕ್ಕ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದರೆ 17ನೇ ಕಲಂ ಪ್ರಕಾರ ಹಕ್ಕು ಮಾಲೀಕರದು. ಫ್ರೀಲಾನ್ಸರ್ ನೌಕರರಲ್ಲ, ಹಾಗಾಗಿ ಬರೆದವರೇ ಮೊದಲ ಹಕ್ಕುದಾರರು. ಬಿಲ್ಲು, ಬ್ಯಾಂಕ್ ರಸೀದಿ ಹಕ್ಕು ವರ್ಗಾವಣೆಯಲ್ಲ. 19ನೇ ಕಲಂ ಪ್ರಕಾರ ವರ್ಗಾವಣೆ ಬರವಣಿಗೆಯಲ್ಲಿರಬೇಕು, ಸಹಿಯಿರಬೇಕು. ಬರೆಸಿಕೊಂಡವರೂ ಸಿಕ್ಕಿಬೀಳುವ ಸಾಲುಗಳು ಅದೇ ಕಲಮಿನಲ್ಲಿವೆ. ಅವಧಿ ನಮೂದಿಸದಿದ್ದರೆ ಐದೇ ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದೂ ಹೋಗುತ್ತದೆ. ಆದ್ದರಿಂದ ‘ಕೃತಿಸ್ವಾಮ್ಯದ ಪೂರ್ಣಾವಧಿಗೆ, ಜಗತ್ತಿನಾದ್ಯಂತ, ಬಳಸದಿದ್ದರೂ ರದ್ದಾಗದಂತೆ’ ಎಂಬ ಮೂರೂ ಮಾತು ಇರಲಿ.

ಈಗ ಜಗಳ ಬೆಳೆಸುವ ಬದಲು ಸ್ವಲ್ಪ ಕೊಟ್ಟಾದರೂ ಆ ಪತ್ರಕ್ಕೆ ಸಹಿ ಮಾಡಿಸಿಕೊಳ್ಳಿ, ವಕೀಲರಿಂದ ಬರೆಸಿ. ಅದೇ ಕೂತಲ್ಲಿ ಡೊಮೇನ್, ಸರ್ವರ್‌ನ ಮೂಲ ಖಾತೆ, ಕೋಡಿನ ರೆಪಾಸಿಟರಿ (ಕೋಡು ಇಟ್ಟಿರುವ ಭಂಡಾರ), ಪ್ಲೇ ಸ್ಟೋರ್ ಖಾತೆ, ಆ್ಯಪಿನ ಸೈನಿಂಗ್ ಕೀ (ಆ್ಯಪಿಗೆ ಡಿಜಿಟಲ್ ಸಹಿ ಹಾಕುವ ಕೀಲಿ) ಪಡೆಯಿರಿ. ಮನೆಗೆ ಬಂದವರೇ ಗೇಟ್‌ವೇ ಮತ್ತು ಎಸ್‌ಎಂಎಸ್ ಕೀಲಿಗಳನ್ನೆಲ್ಲ ಬದಲಿಸಿ.

ಪ್ರಶ್ನೆ: ಒಳ್ಳೆಯ ಐಡಿಯಾ ಇದೆ. ಯಾರಿಗಾದರೂ ಹೇಳಿದರೆ ಕದಿಯುತ್ತಾರೆಂಬ ಭಯ. ಪೇಟೆಂಟ್ ಮಾಡಿಸಬಹುದೇ?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಂ ಬರೀ ಕಂಪ್ಯೂಟರ್ ಪ್ರೋಗ್ರಾಮ್‌ಗೆ ಪೇಟೆಂಟ್ ಕೊಡುವುದಿಲ್ಲ, ಕೃತಿಸ್ವಾಮ್ಯ ಐಡಿಯಾಕ್ಕೆ ಸಿಗುವುದಿಲ್ಲ. ಹೇಳಿ, ಧಾರಾಳವಾಗಿ ಹೇಳಿ. ಮೊದಲ ಐಡಿಯಾ ಬದುಕುಳಿಯುವುದೇ ಅಪರೂಪ. ಸ್ಟೂವರ್ಟ್ ಬಟರ್‌ಫೀಲ್ಡ್ ಮತ್ತು ಜೊತೆಗಾರರು ಆನ್‌ಲೈನ್ ಆಟ ಮಾಡಲು ಹೊರಟು ಫೋಟೊ ಹಂಚುವ ತಾಣ ಫ್ಲಿಕರ್ ಮಾಡಿದರು, 2005ರಲ್ಲಿ ಯಾಹೂ ಕೊಂಡಿತು. ಆಮೇಲೆ ಗ್ಲಿಚ್ ಎಂಬ ಇನ್ನೊಂದು ಆಟ ಮಾಡಿದರು, ಅದು ಮುಚ್ಚಿತು. ಆಟ ಕಟ್ಟುವಾಗ ತಮ್ಮೊಳಗೇ ಮಾತಾಡಿಕೊಳ್ಳಲು ಮಾಡಿಕೊಂಡಿದ್ದ ಸಲಕರಣೆಯೇ ಸ್ಲ್ಯಾಕ್ ಎಂಬ ಕಚೇರಿ ಸಂದೇಶ ಸೇವೆಯಾಯಿತು. ಟ್ವಿಟರ್ ಹುಟ್ಟಿದ್ದು ಓಡಿಯೊ ಎಂಬ ಪಾಡ್‌ಕಾಸ್ಟ್ ಕಂಪನಿಯೊಳಗೆ, ಆ್ಯಪಲ್ ಐಟ್ಯೂನ್ಸ್‌ನಲ್ಲೇ ಪಾಡ್‌ಕಾಸ್ಟ್ ಕೊಡಲು ಶುರುಮಾಡಿದ ಮೇಲೆ. ಇವರಿಂದ ಮೊದಲ ಐಡಿಯಾ ಕದ್ದವನಿಗೆ ಏನು ಸಿಗುತ್ತಿತ್ತು?

ಪ್ರಶ್ನೆ: ಇನ್ನೂ ಗಿರಾಕಿಗಳಿಲ್ಲ. ಹೂಡಿಕೆದಾರರನ್ನು ಹುಡುಕುವುದು, ಪ್ರೈವೇಟ್ ಲಿಮಿಟೆಡ್ ಮಾಡುವುದು ಯಾವಾಗ?
– ಮೂವರು ಸಹಪಾಠಿಗಳು, ಬೆಳಗಾವಿ

ಉತ್ತರ: ಕೂಸು ಹುಟ್ಟುವ ಮುನ್ನ ಕುಲಾವಿ ಬೇಡ. ಪ್ರೈವೇಟ್ ಲಿಮಿಟೆಡ್ ಆದರೆ ಒಂದು ರೂಪಾಯಿ ವ್ಯಾಪಾರವಿಲ್ಲದಿದ್ದರೂ ಪ್ರತಿ ವರ್ಷ ಲೆಕ್ಕಪರಿಶೋಧನೆ ಕಡ್ಡಾಯ, ವಾರ್ಷಿಕ ಫಾರಂಗಳು ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ. ಎಲ್‌ಎಲ್‌ಪಿಗೆ (ಸೀಮಿತ ಹೊಣೆಯ ಪಾಲುದಾರಿಕೆಗೆ) ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟುವವರೆಗೆ ಪರಿಶೋಧನೆ ಬೇಡ. ಷೇರು ಕೊಟ್ಟು ಹಣ ತರುವ ದಿನ ಬಂದಾಗ ಪ್ರೈವೇಟ್ ಲಿಮಿಟೆಡ್‌ಗೆ ಬದಲಾಗಬಹುದು. ಏಂಜೆಲ್ ತೆರಿಗೆಯ (ಹೂಡಿಕೆದಾರರು ಷೇರಿಗೆ ನ್ಯಾಯಬೆಲೆಗಿಂತ ಹೆಚ್ಚು ಕೊಟ್ಟ ದುಡ್ಡಿನ ಮೇಲಿದ್ದ ತೆರಿಗೆಯ) ಭಯವಂತೂ 2024ರ ಬಜೆಟ್‌ನಲ್ಲೇ ಹೋಯಿತು.

ಹೂಡಿಕೆ ಬೇಕೇ ಎಂಬುದು ವ್ಯಾಪಾರದ ಮೇಲಿದೆ. ಉಗ್ರಾಣ, ಲಾರಿ, ದಾಸ್ತಾನು ಬೇಕಿದ್ದರೆ ಬೇಕು. ಬರೀ ತಂತ್ರಾಂಶವಾದರೆ ಬೇಡದಿರಬಹುದು: ಷೇರು ವಹಿವಾಟು ಮಾಡಿಸುವ ಬೆಂಗಳೂರಿನ ಜ಼ೆರೋಧಾ 2010ರಿಂದ ಹೊರಗಿನ ಬಂಡವಾಳವಿಲ್ಲದೆ ನಡೆದುಬಂದಿದೆ. ಕೆಲಸ ನಿರ್ವಹಣೆಯ ತಂತ್ರಾಂಶ ಬೇಸ್‌ಕ್ಯಾಂಪ್ 2004ರಲ್ಲಿ ಬಂದಾಗ ಅದನ್ನು ಮಾಡಿದ 37ಸಿಗ್ನಲ್ಸ್ ಇನ್ನೂ ಬೇರೆಯವರಿಗೆ ಜಾಲತಾಣ ವಿನ್ಯಾಸ ಮಾಡಿಕೊಟ್ಟು ಹೊಟ್ಟೆ ಹೊರೆಯುತ್ತಿತ್ತು. ನೀವು ಮೂವರಿದ್ದೀರಿ, ಅದಕ್ಕೇ ಹೂಡಿಕೆದಾರರಿಗಿಂತ ಮುಂಚೆ ನಿಮ್ಮ ನಿಮ್ಮಲ್ಲೇ ಒಂದು ಕರಾರು ಬೇಕು. ಪಾಲು ನಾಲ್ಕು ವರ್ಷದಲ್ಲಿ ಹಂತಹಂತವಾಗಿ ದಕ್ಕಲಿ, ಮೊದಲ ವರ್ಷ ತುಂಬುವ ಮುನ್ನ ಬಿಟ್ಟರೆ ಏನೂ ಇಲ್ಲ. ಇದನ್ನು ಬರೆದುಕೊಳ್ಳದೆ, ಐದನೇ ತಿಂಗಳಿಗೆ ಕೆಲಸ ಸಿಕ್ಕಿ ಪುಣೆಗೆ ಹೋದ ಗೆಳೆಯನ ಕೈಯಲ್ಲಿ ಮೂರನೇ ಒಂದು ಪಾಲು ಉಳಿದರೆ ಮುಂದೆ ಯಾವ ಹೂಡಿಕೆದಾರರೂ ಹತ್ತಿರ ಬರುವುದಿಲ್ಲ.

ಪ್ರಶ್ನೆ: ಮಧ್ಯರಾತ್ರಿ 12ಕ್ಕೆ ಓಡಬೇಕಾದ ವರದಿ ಬೆಳಗ್ಗೆ 5.30ಕ್ಕೆ ಓಡುತ್ತದೆ. ನಿನ್ನೆಯ ಮಾರಾಟದ ಮೊತ್ತವೂ ತಾಳೆಯಾಗುವುದಿಲ್ಲ.
– ಹೋಂಸ್ಟೇ ಬುಕಿಂಗ್ ತಾಣದವರು, ಮಡಿಕೇರಿ

ಉತ್ತರ: ಸರ್ವರ್‌ನ ಗಡಿಯಾರ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿದೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಗಡಿಯಾರ ಬದಲಿಸಬೇಡಿ, ಸಮಯವನ್ನು ಯುಟಿಸಿಯಲ್ಲೇ ಉಳಿಸಿ. ಕ್ರಾನ್ ಕೆಲಸವನ್ನು (ಗೊತ್ತಾದ ಹೊತ್ತಿಗೆ ತಾನಾಗಿ ಓಡುವ ಕೆಲಸವನ್ನು) 18:30ಕ್ಕೆ ಇಡಿ, ಮತ್ತು ವರದಿಯಲ್ಲಿ ದಿನವನ್ನು ಕತ್ತರಿಸುವ ಮೊದಲು ಭಾರತದ ಸಮಯಕ್ಕೆ ಪರಿವರ್ತಿಸಿ. ಎರಡನೆಯದನ್ನು ಮರೆತರೆ ರಾತ್ರಿ 12ರಿಂದ ಬೆಳಗ್ಗೆ 5.30ರವರೆಗಿನ ಬುಕಿಂಗ್‌ಗಳೆಲ್ಲ ಹಿಂದಿನ ದಿನಕ್ಕೆ ಸೇರುತ್ತವೆ. ಏಪ್ರಿಲ್ 1ರ ನಸುಕಿನ ಮೂರು ಗಂಟೆಯ ಬಿಲ್ಲು ಮಾರ್ಚ್ 31ರದ್ದಾಗಿ ಹಿಂದಿನ ಹಣಕಾಸು ವರ್ಷಕ್ಕೆ ಹೋಗುತ್ತದೆ, ಬಿಲ್ಲಿನ ಕ್ರಮಸಂಖ್ಯೆ ಮಾತ್ರ ಹೊಸ ವರ್ಷದ್ದಾಗಿರುತ್ತದೆ. ಈಗಾಗಲೇ ಹಾಗೆ ಆಗಿದೆಯೇ ಎಂದು ಲೆಕ್ಕಿಗರು ಕೇಳುವ ಮೊದಲೇ ಒಮ್ಮೆ ತೆಗೆದು ನೋಡಿ.